ಗುಡ್ಡೆ ಮಣ್ಣು, ಗುಜರಿ ಕಬ್ಬಿಣ

ಹನ್ನೆರಡು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳದ ಕೃಷಿ ಹೊಂಡ ತೋಡಿದರೆ, ನಾಲ್ಕೂ ಬದಿಗೆ ಇಳಿಜಾರು ಬಿಟ್ಟರೂ ಸುಮಾರು 250 ಘನ ಮೀಟರ್ ಮಣ್ಣು ಮೇಲೆ ಬರುತ್ತದೆ. ಅಗೆದ ಮಣ್ಣು ಉಬ್ಬುವುದರಿಂದ ಗುಡ್ಡೆ ಬಿದ್ದಾಗ ಅದು 300 ದಾಟುತ್ತದೆ. ನೂರು ಘನ ಅಡಿ ಹಿಡಿಯುವ ಟ್ರೇಲರ್‌ಗೆ ತುಂಬಿದರೆ ನೂರಕ್ಕೂ ಮೀರಿದ ಲೋಡು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಕರ್ನಾಟಕದ ಒಣಭೂಮಿಯಲ್ಲಿ ಇಂಥ ಹೊಂಡಗಳು ಊರೂರಲ್ಲೂ ಆದವು. ಹೊಂಡಕ್ಕೆ, ಪಾಲಿಥಿನ್ ಹೊದಿಕೆಗೆ, ಪಂಪ್‌ಸೆಟ್ಟಿಗೆ ಸಹಾಯಧನ ಸಿಕ್ಕಿತು. ದಡದ ಮೇಲೆ ಬಿದ್ದ ಗುಡ್ಡೆಯನ್ನು ಹರಡುವುದು ಮಾತ್ರ ರೈತನ ತಲೆಗೇ ಬಿತ್ತು.

ಚಿಕ್ಕನಾಯಕನಹಳ್ಳಿ ಸೀಮೆಯ ನಮ್ಮ ತೆಂಗಿನ ತೋಟದಲ್ಲೂ ಅಂಥದೊಂದು ಗುಡ್ಡೆ ಇತ್ತು. ಜೆಸಿಬಿಯ ಬಾಡಿಗೆ ಗಂಟೆ ಲೆಕ್ಕ. ಮಣ್ಣು ಹರಡುವ ಕೆಲಸವೋ ಒಂದೇ ಸಲಕ್ಕೆ ಮುಗಿಯುವುದಲ್ಲ. ಮಳೆ ಬಂದಾಗ ಬದು ಕಟ್ಟಬೇಕು, ಕೊರಕಲು ಮುಚ್ಚಬೇಕು, ತೆಂಗಿನ ಬುಡಕ್ಕೆ ಮಣ್ಣು ಕೊಡಬೇಕು. ಮನೆಯಲ್ಲಿ 35 ಎಚ್‌ಪಿ ಟ್ರ್ಯಾಕ್ಟರ್ ನಿಂತಿರುವಾಗ ಬೇರೆಯವರ ಯಂತ್ರಕ್ಕೆ ಯಾಕೆ ದುಡ್ಡು ಸುರಿಯಬೇಕು ಎಂದು ನಮ್ಮಣ್ಣ ತಾನೇ ಸಾಮಾನು ಮಾಡಿಸಲು ಹೊರಟ. ಆ ಲೆಕ್ಕ ಸರಿಯಾಗಿಯೇ ಇತ್ತು, ಇವತ್ತಿಗೂ ಸರಿಯೇ.

ಮೊದಲು ಆದದ್ದು ಬ್ಲೇಡು. ಗುಜರಿಯಲ್ಲಿ ಎಂಟು ಮಿಲಿಮೀಟರ್ ದಪ್ಪದ ದೊಡ್ಡ ಕಬ್ಬಿಣದ ಪೈಪು ಸಿಕ್ಕಿತು. ಅದನ್ನು ಉದ್ದಕ್ಕೆ ಸೀಳಿ ಮೂರರಲ್ಲಿ ಒಂದು ಪಾಲು ತೆಗೆದರೆ ಆರಡಿಯ ಬ್ಲೇಡಿಗೆ ಬೇಕಾದ ಬಾಗು ತಾನಾಗಿ ಬರುತ್ತದೆ. ತಟ್ಟೆ ಬಗ್ಗಿಸುವ ಮೆಷಿನ್ ಇಲ್ಲದ ಹಳ್ಳಿಯ ವೆಲ್ಡಿಂಗ್ ಅಂಗಡಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಮಣ್ಣು ಕೆರೆಯುವ ಅಂಚಿಗೆ ಲಾರಿಯ ಹಳೇ ಕಮಾನು ಪಟ್ಟಿ. ಅದು ಗಟ್ಟಿ ಉಕ್ಕು, ಬೇಗ ಸವೆಯುವುದಿಲ್ಲ. ಆದರೆ ಅದರಲ್ಲಿ ಇಂಗಾಲ ಹೆಚ್ಚು. ಬಿಸಿ ಮಾಡದೆ ಸಾದಾ ರಾಡಿನಲ್ಲಿ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಸೀಳು ಬಿಡುತ್ತದೆ. ಅಣ್ಣ ತೂತು ಹಾಕಿಸಿ ಬೋಲ್ಟ್ ಬಿಗಿಸಿದ್ದರಿಂದ ಅಂಚು ಉಳಿಯಿತು. ಸವೆದಾಗ ಬಿಚ್ಚಿ ತಿರುಗಿಸಿ ಹಾಕುವ ಅನುಕೂಲವೂ ಆಯಿತು. ನಡುವೆ ತೂತುಗಳಿರುವ ಒಂದು ದುಂಡು ತಟ್ಟೆ ಕೂರಿಸಿದ್ದರಿಂದ ಬ್ಲೇಡನ್ನು ಓರೆಯಾಗಿಯೂ ನಿಲ್ಲಿಸಬಹುದು. ಓರೆ ನಿಲ್ಲಿಸಿ ಎಳೆದರೆ ಮಣ್ಣು ಪಕ್ಕಕ್ಕೆ ಸಾಲಾಗಿ ಬೀಳುತ್ತದೆ, ಬದು ತಾನೇ ಎದ್ದು ನಿಲ್ಲುತ್ತದೆ.

ಬ್ಲೇಡಿಗೆ ಒಂದು ಮಿತಿ ಇದೆ. ಹತ್ತಿಪ್ಪತ್ತು ಮಾರು ಎಳೆಯುವಷ್ಟರಲ್ಲಿ ಮಣ್ಣು ಎರಡೂ ತುದಿಯಿಂದ ಸೋರಿಹೋಗುತ್ತದೆ. ದೂರಕ್ಕೆ ಒಯ್ಯಬೇಕಾದರೆ ಎತ್ತಿಕೊಂಡೇ ಹೋಗಬೇಕು. ಹಾಗಾಗಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಬಕೆಟ್ ಹುಟ್ಟಿತು, ಗಂಡಾಂತರವೂ ಅದರ ಜೊತೆಗೇ ಬಂತು.

ಬಕೆಟ್ ಮಾಡಿದ ವೆಲ್ಡರ್ ಕೈಯಲ್ಲಿ ಕೆಲಸವಿತ್ತು, ಅಳತೆ ಇರಲಿಲ್ಲ. ಈ ಗಾತ್ರದ ಟ್ರ್ಯಾಕ್ಟರ್‌ಗಳ ಮೂರು ಕೊಂಡಿಯ ಜೋಡಣೆಗೆ ಜಗತ್ತಿನಾದ್ಯಂತ ಒಂದೇ ಅಳತೆ. ಕೆಳಗಿನ ಎರಡು ತೋಳಿಗೆ 22 ಮಿಲಿಮೀಟರ್ ಪಿನ್, ಮೇಲಿನ ಟಾಪ್ ಲಿಂಕಿಗೆ 19. ಆತ ಕೆಳಗಿನ ಎರಡೂ ಕಡೆ ಕೈಗೆ ಸಿಕ್ಕ ಸಾದಾ ಮರೆ ಬೋಲ್ಟ್ ತೂರಿಸಿದ. ಅಣ್ಣ ಕೇಳಿದ್ದಕ್ಕೆ, “ಏನಾಗಲ್ಲ ಬಿಡಣ್ಣ, ಆನೆ ಎಳೆದ್ರೂ ಬರಲ್ಲ” ಎಂದ. ತೂಕದ ವಿಷಯವನ್ನು ಯಾರೂ ಎತ್ತಲೇ ಇಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ. ಗುಡ್ಡೆಯ ಮಣ್ಣು ನೆನೆದಿತ್ತು. ನಮ್ಮ ಮಾವ, ಅಂದರೆ ಅತ್ತೆಯ ಗಂಡ, ದಡದ ಮೇಲೆ ನಿಂತು ಮೇಸ್ತ್ರಿಕೆ ಮಾಡುತ್ತಿದ್ದರು. ಅರ್ಧ ಬಕೆಟ್ ತುಂಬಿ ಹೊರಟ ಅಣ್ಣನನ್ನು ತಡೆದು, “ಇಷ್ಟಕ್ಕೇ ಹೊರಟ್ಯೇನೋ? ಡೀಸೆಲ್ ಏನು ಬಿಟ್ಟಿ ಬರುತ್ತಾ? ಹಾಕ್ರೋ ಇನ್ನೊಂದಷ್ಟು ಬಾಂಡ್ಲಿ” ಎಂದು ಆಳುಗಳ ಕೈಲಿ ತಲೆತುಂಬ ಹಾಕಿಸಿದರು. ಅಣ್ಣ ಬೇಡವೆಂದ. ಹಿರಿಯರ ಮಾತು ನಡೆಯಿತು.

ಬದುವಿನ ಏರು ಹತ್ತುವಾಗ ಮುಂದಿನ ಚಕ್ರ ಒಂದು ಕಲ್ಲಿಗೆ ತಾಗಿ ಪುಟಿದದ್ದು ಕೆಳಗೆ ಇಳಿಯಲಿಲ್ಲ. ಎರಡು ಚಕ್ರವೂ ಮೇಲೆದ್ದವು. ಅಣ್ಣ ಸ್ಟೇರಿಂಗ್ ತಿರುಗಿಸುತ್ತಿದ್ದಾನೆ, ಚಕ್ರ ಗಾಳಿಯಲ್ಲಿ ತಿರುಗುತ್ತಿದೆ, ಟ್ರ್ಯಾಕ್ಟರ್ ತಿರುಗುತ್ತಿಲ್ಲ. ಬಾನೆಟ್ ಅವನ ಕಣ್ಣೆದುರು ಆಕಾಶದ ಕಡೆ ಏಳುತ್ತಿತ್ತು. ಕ್ಲಚ್ ತುಳಿದ. ಮೂತಿ ಧಡ್ ಎಂದು ನೆಲಕ್ಕೆ ಬಿತ್ತು, ಸ್ಟೇರಿಂಗ್ ಗಿರ್ರನೆ ಸುತ್ತಿ ಎಡಗೈ ಹೆಬ್ಬೆರಳಿಗೆ ಬಡಿಯಿತು. ಎಂಜಿನ್ನಿನ ಹಿಡಿತ ತಪ್ಪಿದ ಟ್ರ್ಯಾಕ್ಟರ್ ಈಗ ಹಿಂದಕ್ಕೆ ಜಾರತೊಡಗಿತು. ಹಿಂದೆ ಇಬ್ಬರು ಆಳುಗಳಿದ್ದರು, ಅವರ ಹಿಂದೆ ಹೊಂಡ. ನಾವೆಲ್ಲ ಕೂಗಿದ್ದು ಒಂದೇ ಮಾತು: “ಬ್ರೇಕು, ಬ್ರೇಕು!” ಅವನು ಬ್ರೇಕ್ ಒತ್ತಿದೊಡನೆ ಮೂತಿ ಮತ್ತೆ ಎದ್ದಿತು, ಮೊದಲಿಗಿಂತ ಎತ್ತರಕ್ಕೆ. ಇಳಿಜಾರಲ್ಲಿ ಹಿಂದಕ್ಕೆ ಉರುಳುವ ಟ್ರ್ಯಾಕ್ಟರ್‌ಗೆ ಬ್ರೇಕ್ ಹಾಕಿದರೆ ಅದು ಹಿಂದಿನ ಅಚ್ಚಿನ ಸುತ್ತ ಮಗುಚಲು ನೋಡುತ್ತದೆ. ಇದು ದಡದಲ್ಲಿ ನಿಂತ ಯಾರಿಗೂ ಗೊತ್ತಿರಲಿಲ್ಲ. ಅಣ್ಣನ ಬಲಗೈ ಲಿಫ್ಟ್ ಲಿವರ್ ಮೇಲಿತ್ತು. ಅದನ್ನು ಪೂರ್ತಿ ಕೆಳಗೆ ತಳ್ಳಿದ. ಬಕೆಟ್ ದೊಪ್ಪನೆ ಕುಸಿದು ಮಣ್ಣಿಗೆ ಕಚ್ಚಿಕೊಂಡಿತು. ಎಡಗಡೆಯ ಬೋಲ್ಟ್ ತುಂಡಾಗಿ ಎಗರಿತು, ಟಾಪ್ ಲಿಂಕಿನ ಬೆಸುಗೆ ಬಾಯಿ ಬಿಟ್ಟಿತು. ಟ್ರ್ಯಾಕ್ಟರ್ ನಿಂತಿತು.

ಅಣ್ಣ ಕೆಳಗಿಳಿದು ಕೂತವನು ಬಹಳ ಹೊತ್ತು ಮಾತಾಡಲಿಲ್ಲ. ಮಾವ ಮಾತ್ರ ಕಲ್ಲನ್ನು ಬೈದರು.

ತಪ್ಪು ಕಲ್ಲಿನದಲ್ಲ, ತೂಕದ್ದು. ಒದ್ದೆ ಮಣ್ಣು ಘನ ಮೀಟರಿಗೆ ಒಂದೂಮುಕ್ಕಾಲು ಟನ್ ಹತ್ತಿರ ತೂಗುತ್ತದೆ. ಕಾಲು ಘನ ಮೀಟರಿನ ಬಕೆಟ್ಟು, ಅದರ ಸ್ವಂತ ತೂಕವೂ ಸೇರಿ, 600 ಕೆಜಿಗೆ ಸಮೀಪ. ಅದು ಹಿಂದಿನ ಅಚ್ಚಿನಿಂದ ಒಂದೂಕಾಲು ಮೀಟರ್ ಆಚೆ ನೇತಾಡಿದರೆ, ಎರಡು ಮೀಟರ್‌ಗೂ ಕಡಿಮೆ ಚಕ್ರಾಂತರದ ಸಣ್ಣ ಟ್ರ್ಯಾಕ್ಟರಿನ ಮುಂಭಾಗದಿಂದ 400 ಕೆಜಿಯಷ್ಟು ಭಾರ ಎತ್ತಿಬಿಡುತ್ತದೆ. ಮುಂದಿನ ಚಕ್ರಗಳ ಮೇಲೆ ಇರುವುದೇ ಸುಮಾರು 650. ಸಮ ನೆಲದಲ್ಲಿ ಹೇಗೋ ನಡೆಯುತ್ತದೆ. ಏರು ಬಂದರೆ, ಚಕ್ರ ಪುಟಿದರೆ, ಉಳಿದಿದ್ದೂ ಹೋಗುತ್ತದೆ. ಒಟ್ಟು ತೂಕದ ಐದನೇ ಒಂದು ಭಾಗವಾದರೂ ಮುಂದಿನ ಅಚ್ಚಿನ ಮೇಲೆ ಇರಲೇಬೇಕು ಎಂಬುದು ಟ್ರ್ಯಾಕ್ಟರ್ ಬಲ್ಲವರ ನಿಯಮ.

ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವ ಈ ಕಥೆ ಹೊಸದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಲ್‌ಫಾಸ್ಟ್‌ನ ಗ್ಯಾರೇಜ್ ಮಾಲೀಕ ಹ್ಯಾರಿ ಫರ್ಗುಸನ್ ತಲೆಕೆಡಿಸಿಕೊಂಡದ್ದೂ ಇದಕ್ಕೇ. ಆಗ ನೇಗಿಲನ್ನು ಟ್ರ್ಯಾಕ್ಟರ್‌ಗೆ ಸುಮ್ಮನೆ ಕಟ್ಟಿ ಎಳೆಸುತ್ತಿದ್ದರು. ನೇಗಿಲು ಬಂಡೆಗೆ ಸಿಕ್ಕಿದರೆ ಟ್ರ್ಯಾಕ್ಟರ್ ಎದ್ದು ಚಾಲಕನ ಮೇಲೇ ಬೀಳುತ್ತಿತ್ತು. ಹೈಡ್ರಾಲಿಕ್ ನಿಯಂತ್ರಣದ ಪೇಟೆಂಟು 1926ರಲ್ಲಿ ಅವನಿಗೆ ಸಿಕ್ಕಿತು, 1939ರಲ್ಲಿ ಫೋರ್ಡ್ ಟ್ರ್ಯಾಕ್ಟರಿನ ಮೂಲಕ ಮೂರು ಕೊಂಡಿಯ ಜೋಡಣೆ ಲಕ್ಷಾಂತರ ಹೊಲಕ್ಕೆ ಹೋಯಿತು. ನಮ್ಮ ಹಳ್ಳಿಯ ಟ್ರ್ಯಾಕ್ಟರ್ ಹಿಂದೆ ಇರುವುದೂ ಅದೇ. ಅದರ ಅಳತೆಯನ್ನು ಬೋಲ್ಟಿನಿಂದ ಕೆಡಿಸಿದರೆ, ಮಗುಚದಂತೆ ಅದು ಕೊಡುವ ರಕ್ಷಣೆಯೂ ಕೆಡುತ್ತದೆ.

ಈಗ ಮುಂಭಾಗದಲ್ಲಿ ಕಾಂಕ್ರೀಟ್ ದಿಮ್ಮಿ ಇದೆ: ಎರಡಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ, ತೂಕ ಸುಮಾರು 200 ಕೆಜಿ. ಅಂಗಡಿಯ ಅಸಲಿ ಪಿನ್ ಬಂದಿದೆ. ಹಿಂದೆ ಭಾರ ಹೊತ್ತು ಏರು ಹತ್ತಬೇಕಾದರೆ ಅಣ್ಣ ರಿವರ್ಸ್‌ನಲ್ಲೇ ಹತ್ತುತ್ತಾನೆ, ಆಗ ಭಾರ ಮೇಲ್ಗಡೆ ಇರುತ್ತದೆ. ಬಕೆಟ್ ನೆಲದಿಂದ ಗೇಣೆತ್ತರ ಮೀರುವುದಿಲ್ಲ. ಬ್ಲೇಡು ಕಟ್ಟಿ ಹಿಂದಕ್ಕೆ ಗುದ್ದುವುದನ್ನೂ ಬಿಟ್ಟಿದ್ದಾನೆ; ಅದರ ಚೌಕಟ್ಟು ಎಳೆಯಲೆಂದು ಮಾಡಿದ್ದು, ಗುದ್ದಿದರೆ ತೋಳು ಬಾಗುತ್ತದೆ.

ಪಿನ್ನಿನ ಅಳತೆ, ಭಾರದ ಲೆಕ್ಕ ಬರೆದ ಒಂದು ಹಾಳೆ ಸಿಗಬಹುದೇ ಎಂದು ಅಣ್ಣ ತಾಲ್ಲೂಕಿನ ಕಚೇರಿಯೊಂದಕ್ಕೂ ಹೋಗಿದ್ದ. “ಮನೇಲಿ ಮಾಡಿದ್ದಕ್ಕೆಲ್ಲ ಸಬ್ಸಿಡಿ ಇಲ್ಲ ಹೋಗ್ರಿ” ಎಂದರಂತೆ ಅಲ್ಲಿಯ ಅಧಿಕಾರಿ. ಅವನು ಕೇಳಿದ್ದು ಸಬ್ಸಿಡಿಯನ್ನಲ್ಲ. ಕಂಪನಿಯ ಯಂತ್ರಗಳನ್ನು ಪರೀಕ್ಷಿಸಲು ಬುದ್ನಿ, ಹಿಸಾರ್, ಗಾರ್ಲದಿನ್ನೆಗಳಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಗಳಿವೆ. ಆದರೆ ಊರಿನ ಅರ್ಧ ಮಣ್ಣು ಕೆಲಸ ಮಾಡುವುದು ವೆಲ್ಡಿಂಗ್ ಅಂಗಡಿಯ ಸಾಮಾನು. ಆ ಅಂಗಡಿಗಳ ಗೋಡೆಗೆ ಅಂಟಿಸುವಂಥ ಕನ್ನಡದ ಅಳತೆ ಪಟ್ಟಿಯೊಂದನ್ನು ಪ್ರತಿ ರೈತ ಸಂಪರ್ಕ ಕೇಂದ್ರವೂ ಕೊಡಬೇಕು. ಅಲ್ಲಿಯವರೆಗೆ ನಮ್ಮ ವೆಲ್ಡರ್ ಗೋಡೆಯ ಮೇಲೆ ಅಣ್ಣನೇ ಸೀಮೆಸುಣ್ಣದಲ್ಲಿ ಬರೆದದ್ದು ಇದೆ: ಕೆಳಗೆ 22, ಮೇಲೆ 19, ಮುಂದೆ ಭಾರ. ಬ್ಲೇಡು ಕೇಳಿಕೊಂಡು ಬರುವ ನೆರೆಯವರಿಗೂ ಅವನು ಕಾಂಕ್ರೀಟ್ ದಿಮ್ಮಿಯನ್ನು ಸೇರಿಸಿಯೇ ಕೊಡುತ್ತಾನೆ.