‘ರನ್’ ಎಂದರೆ ‘ಓಡು’ ಮಾತ್ರವೇ?

ಉದ್ದೇಶ: ಇಂಗ್ಲಿಷ್ ಪದದ ಅರ್ಥವನ್ನು ವಾಕ್ಯದ ಸಂದರ್ಭದಿಂದ ಗ್ರಹಿಸಿ, ತಕ್ಕ ಕನ್ನಡ ಕ್ರಿಯಾಪದವನ್ನು ಆರಿಸುವ ಸಾಮರ್ಥ್ಯವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು.

ಸಮಸ್ಯೆ: ‘ರನ್ ಎಂದರೆ ಓಡು’ ಎಂದು ಕಂಠಪಾಠ ಮಾಡಿದ ಬಾಲಕಿಯು ‘ದಿ ರಿವರ್ ರನ್ಸ್’ ಎಂಬುದನ್ನು ‘ನದಿ ಓಡುತ್ತದೆ’ ಎಂದು ಬರೆಯುತ್ತಾಳೆ. ಉತ್ತರದ ಮೇಲೆ ಕೆಂಪು ಗೆರೆ ಬೀಳುತ್ತದೆ. ಕಲಿಸಿದ್ದನ್ನೇ ಬರೆದವಳಿಗೆ ತಪ್ಪು ಎಲ್ಲಿದೆಯೆಂದು ತಿಳಿಯದು. ಕನ್ನಡ ಮಾಧ್ಯಮದಲ್ಲಿ ಓದುವುದೇ ತನ್ನ ಕೊರತೆಯೆಂಬ ಶಂಕೆ ಮೊಳೆಯುತ್ತದೆ. ಗಡಿನಾಡಿನ ಕನ್ನಡ ಶಾಲೆಗೆ ಈ ಶಂಕೆಗಿಂತ ದೊಡ್ಡ ಅಪಾಯವಿಲ್ಲ. ವಾಸ್ತವವಾಗಿ ಕೊರತೆಯಿರುವುದು ಒಂದು ಪದಕ್ಕೆ ಒಂದೇ ಅರ್ಥವೆಂಬ ಬೋಧನಾಕ್ರಮದಲ್ಲಿ.

ವಿವರಣೆ: ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ದೀರ್ಘ ವಿವರಣೆ ಪಡೆದ ಪದ ‘ಸೆಟ್’. ಅನಂತರದ ಪರಿಷ್ಕರಣದಲ್ಲಿ ‘ರನ್’ ಅದನ್ನು ಮೀರಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಲಾಯಿತು. ಇವನ್ನೆಲ್ಲ ಬಾಯಿಪಾಠ ಮಾಡುವುದು ಅಸಾಧ್ಯ, ಅನಗತ್ಯ ಕೂಡ. ‘ಯಾರು? ಯಾವುದು?’ ಎಂದು ಕೇಳಿಕೊಂಡರೆ ಅರ್ಥವು ಬಹುಮಟ್ಟಿಗೆ ಹೊಳೆಯುತ್ತದೆ. ಹುಡುಗನು ಓಡುತ್ತಾನೆ, ನದಿ ಹರಿಯುತ್ತದೆ, ನೆಗಡಿಯಾದಾಗ ಮೂಗು ಸೋರುತ್ತದೆ, ಒಗೆದಾಗ ಬಟ್ಟೆ ಬಣ್ಣ ಬಿಡುತ್ತದೆ, ವ್ಯಾಪಾರಿಯು ಅಂಗಡಿ ನಡೆಸುತ್ತಾನೆ. ಇಂಗ್ಲಿಷಿನಲ್ಲಿ ಇವೆಲ್ಲವೂ ‘ರನ್’.

ಅಮೆರಿಕದ ಅಭ್ಯರ್ಥಿಯು ಚುನಾವಣೆಗೆ ‘ರನ್’ ಮಾಡುತ್ತಾನೆ. ಕನ್ನಡದ ಅಭ್ಯರ್ಥಿಯು ನಿಲ್ಲುತ್ತಾನೆ. ತಮಿಳಿನ ‘ನಿಲ್’, ತೆಲುಗಿನ ‘ನಿಲಬಡು’, ಮರಾಠಿಯ ‘ಉಭಾ ರಾಹಣೇ’ ಇಲ್ಲಿ ಕನ್ನಡದ ಜೊತೆಗಿವೆ. ಬ್ರಿಟನ್ನಿನ ಇಂಗ್ಲಿಷಿನಲ್ಲಿಯೂ ಅಭ್ಯರ್ಥಿಯು ನಿಲ್ಲುವುದೇ ರೂಢಿ. ಎರಡು ಮೂರು ಭಾಷೆಗಳ ನಡುವೆ ಬೆಳೆದ ಗಡಿನಾಡಿನ ಮಗುವಿಗೆ ಈ ಹೋಲಿಕೆ ಸುಲಭವಾಗಿ ಎಟುಕುತ್ತದೆ.

ಚಟುವಟಿಕೆ:

1. ‘ಓಡು’ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆದು ವಾಕ್ಯಗಳನ್ನು ಹೇಳಿಸುವುದು. ‘ಬಸ್ಸು ಓಡುತ್ತದೆ’, ‘ಸಿನಿಮಾ ನೂರು ದಿನ ಓಡಿತು’, ‘ಲೆಕ್ಕಕ್ಕೆ ತಲೆ ಓಡಲಿಲ್ಲ’ ಮುಂತಾದವು ಮಕ್ಕಳಿಂದಲೇ ಬರಲಿ. ಒಂದು ಪದಕ್ಕೆ ಹಲವು ಅರ್ಥಗಳಿರುವುದು ಅವರಿಗೆ ಹೊಸತಲ್ಲವೆಂಬುದು ಆಗ ಸ್ಪಷ್ಟವಾಗುತ್ತದೆ.

2. ಅನಂತರ ‘ರನ್’ ಇರುವ ಐದು ಇಂಗ್ಲಿಷ್ ವಾಕ್ಯಗಳನ್ನು ಕೊಟ್ಟು, ಮೊದಲು ಕರ್ತೃ ಮತ್ತು ಕರ್ಮಗಳನ್ನು, ಬಳಿಕ ಕನ್ನಡ ಕ್ರಿಯಾಪದವನ್ನು ಹೇಳಿಸುವುದು.

3. ಮನೆಯಲ್ಲಿ ಅಥವಾ ನೆರೆಹೊರೆಯಲ್ಲಿ ಆಡುವ ಭಾಷೆಯಲ್ಲಿ ಅದೇ ಮಾತನ್ನು ಹೇಗೆ ಹೇಳುತ್ತಾರೆಂದು ಕೇಳಿ, ಪಕ್ಕದಲ್ಲಿ ಬರೆಯುವುದು.

ಮೌಲ್ಯಮಾಪನ: ಕ್ರಿಕೆಟ್ಟಿನ ‘ರನ್ ಔಟ್’ ಮಕ್ಕಳಿಗೆ ಚಿರಪರಿಚಿತ. ‘ವಿ ಹ್ಯಾವ್ ರನ್ ಔಟ್ ಆಫ್ ಸಾಲ್ಟ್’ ಎಂಬುದಕ್ಕೆ ‘ಉಪ್ಪು ಮುಗಿದಿದೆ’ ಎಂಬ ಉತ್ತರ ಬಂದರೆ ಪಾಠ ಸಫಲವಾದಂತೆ.

ಸೂಚನೆ: ‘ನದಿ ಓಡುತ್ತದೆ’ ಎಂಬ ಉತ್ತರಕ್ಕೆ ಶಿಕ್ಷಕರು ಕೂಡಲೇ ಕೆಂಪು ಗೆರೆ ಎಳೆಯಬಾರದು. ‘ನಮ್ಮೂರ ಹಳ್ಳ ಏನು ಮಾಡುತ್ತದೆ?’ ಎಂದು ಕೇಳಿದರೆ ಸಾಕು. ‘ಹರಿಯುತ್ತದೆ’ ಎಂದು ಮಗುವೇ ತಿದ್ದಿಕೊಳ್ಳುತ್ತದೆ.