ಸೇವ್ ಒತ್ತಿದರೆ ಬರೆದಾಯಿತೇ?

ವ್ಯವಹಾರವನ್ನು ಮೊದಲು ಜರ್ನಲ್‌ನಲ್ಲಿ ಬರೆದು, ಆಮೇಲೆ ಲೆಡ್ಜರ್‌ಗೆ ಹಾಕಬೇಕು. ಅಕೌಂಟೆನ್ಸಿಯಲ್ಲಿ ನಾವು ಆರಂಭದಲ್ಲೇ ಕಲಿಯುವ ಕ್ರಮ ಇದು. ಜರ್ನಲ್‌ಗೆ ನಮ್ಮ ಮನೆಯ ಉರ್ದುವಿನಲ್ಲಿ ರೋಜ್‌ನಾಮ್ಚಾ ಎನ್ನುತ್ತೇವೆ. ಕಂಪ್ಯೂಟರಿನ ಡಿಸ್ಕ್ ಕೂಡ ಇದೇ ಕ್ರಮ ಪಾಲಿಸುತ್ತದೆ, ಅದಕ್ಕೂ ಜರ್ನಲ್ ಎಂಬುದೇ ಹೆಸರು ಎಂದು ಓದಿದಾಗ ನನಗೆ ಆಶ್ಚರ್ಯವಾಯಿತು.

ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವ್ಯಾಪಾರಿಗೆ ಮೂರು ಪುಸ್ತಕಗಳನ್ನು ಹೇಳಿದ್ದಾರೆ: ಕಚ್ಚಾ ಪುಸ್ತಕ, ಜರ್ನಲ್, ಲೆಡ್ಜರ್. ಈ ಮೂರನ್ನೂ ಕಂಪ್ಯೂಟರಿನಲ್ಲಿ ಹುಡುಕೋಣ.

ಕಚ್ಚಾ ಪುಸ್ತಕ

ಬಿ.ಸಿ. ರೋಡಿನ ಒಂದು ಅಂಗಡಿಯಲ್ಲಿ ಗ್ರಾಹಕರೊಬ್ಬರು 5,000 ರೂಪಾಯಿ ಬಾಕಿ ತೀರಿಸಿದರು ಎಂದುಕೊಳ್ಳಿ. ಮಾಲೀಕರು ಕಂಪ್ಯೂಟರಿನಲ್ಲಿ ಸೇವ್ ಒತ್ತಿದರು. ಆದರೆ ಆ ಮಾಹಿತಿ ಸಾಮಾನ್ಯವಾಗಿ ಮೊದಲು ರ‍್ಯಾಮ್‌ನಲ್ಲಿ ಕುಳಿತಿರುತ್ತದೆ. ಡಿಸ್ಕ್‌ಗೆ ಹೋಗುವುದು ಸ್ವಲ್ಪ ತಡವಾಗಿ. ಲಿನಕ್ಸ್‌ನಲ್ಲಿ ಸುಮಾರು 30 ಸೆಕೆಂಡು ಆಗಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಮಳೆಗಾಲದ ಗಾಳಿಗೆ ಕರೆಂಟ್ ಹೋಗುವುದು ನಮಗೆಲ್ಲ ಗೊತ್ತು. ಕರೆಂಟ್ ಹೋದರೆ ರ‍್ಯಾಮ್ ಖಾಲಿ. ಗ್ರಾಹಕರು ಹಣ ಕೊಟ್ಟಿದ್ದಾರೆ, ಲೆಕ್ಕದಲ್ಲಿ ಇನ್ನೂ ಸಾಲಗಾರರು!

ಕಾದು ಬರೆಯುವುದು

ಇದಕ್ಕೆ ಪರಿಹಾರ ಸಿಂಕ್ರೊನಸ್ ಬರವಣಿಗೆ. "ಡಿಸ್ಕ್‌ನಲ್ಲಿ ಬರೆದಾಯಿತು ಎಂದು ಖಾತ್ರಿಯಾಗುವವರೆಗೆ ಕಾಯುತ್ತೇನೆ" ಎಂದು ಪ್ರೋಗ್ರಾಮ್ ಕೇಳಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಈ ಆಜ್ಞೆಯ ಹೆಸರು ಎಫ್‌ಸಿಂಕ್. ಇದಕ್ಕೆ ಬೆಲೆ ಸಮಯ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಪ್ರತಿ ಬರವಣಿಗೆಗೆ ಒಂದು ಸುತ್ತು ಕಾದರೂ ಸುಮಾರು 8 ಮಿಲಿಸೆಕೆಂಡು ಬೇಕು. ರ‍್ಯಾಮ್‌ಗೆ ಹೋಲಿಸಿದರೆ ಇದು ಬಹಳ ನಿಧಾನ.

ಆದ್ದರಿಂದ ಎಲ್ಲದಕ್ಕೂ ಕಾಯುವುದಿಲ್ಲ. ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯದ 282ನೇ ಸೂಕ್ತವು ಅವಧಿ ನಿಗದಿಯಾದ ಸಾಲವನ್ನು ಬರೆದಿಡಲು ಆದೇಶಿಸುತ್ತದೆ. ಕೈಯಿಂದ ಕೈಗೆ ಆಗುವ ವ್ಯಾಪಾರವನ್ನು ಬರೆಯದಿದ್ದರೂ ದೋಷವಿಲ್ಲ ಎನ್ನುತ್ತದೆ. ಕಂಪ್ಯೂಟರಿನಲ್ಲೂ ಹಾಗೆಯೇ ಆಯ್ಕೆ ಇದೆ. ಹಣದ ಲೆಕ್ಕಕ್ಕೆ ಕಾಯಬೇಕು, ತಾತ್ಕಾಲಿಕ ಫೈಲಿಗೆ ಬೇಕಿಲ್ಲ.

ಜರ್ನಲ್ ಮತ್ತು ಅದರ ಮಿತಿ

ಒಂದು ಫೈಲ್ ಉಳಿಸುವಾಗ ಅದರ ಗಾತ್ರ, ಅದು ಇರುವ ಜಾಗ, ಖಾಲಿ ಜಾಗದ ಪಟ್ಟಿ ಎಲ್ಲವೂ ಬದಲಾಗಬೇಕು. ಅರ್ಧದಲ್ಲಿ ಕರೆಂಟ್ ಹೋದರೆ ಡೆಬಿಟ್ ಹಾಕಿ ಕ್ರೆಡಿಟ್ ಬಿಟ್ಟಂತೆ. ಅದಕ್ಕಾಗಿ ವಿಂಡೋಸ್‌ನ ಎನ್‌ಟಿಎಫ್‌ಎಸ್, ಲಿನಕ್ಸ್‌ನ ಇಎಕ್ಸ್‌ಟಿ4 ಈ ಬದಲಾವಣೆಗಳನ್ನು ಮೊದಲು ಜರ್ನಲ್‌ನಲ್ಲಿ ಬರೆಯುತ್ತವೆ. ಕರೆಂಟ್ ಬಂದ ಮೇಲೆ ಪೂರ್ಣವಾಗಿದ್ದ ನಮೂದನ್ನು ಜಾರಿ ಮಾಡಿ, ಅಪೂರ್ಣವಾದುದನ್ನು ಬಿಟ್ಟುಬಿಡುತ್ತವೆ.

ಆದರೆ ಸಾಮಾನ್ಯ ವ್ಯವಸ್ಥೆಯಲ್ಲಿ ಈ ಜರ್ನಲ್‌ಗೆ ಫೈಲಿನ ಒಳಗಿನ ವಿಷಯ ಹೋಗುವುದಿಲ್ಲ. ಒಂದು ವ್ಯವಹಾರವನ್ನು ಪೂರ್ತಿ ಬರೆಯದೇ ಬಿಟ್ಟರೂ ಟ್ರಯಲ್ ಬ್ಯಾಲೆನ್ಸ್ ಸರಿಹೊಂದುತ್ತದಲ್ಲವೇ? ಇಲ್ಲೂ ಹಾಗೆ. ಡಿಸ್ಕ್ ಸರಿ ಇರುತ್ತದೆ, ಕೊನೆಯ ಬಿಲ್ ಇರುವುದಿಲ್ಲ. ಲೆಕ್ಕದ ಶಿಸ್ತನ್ನು ಜರ್ನಲ್ ಕಾಯುತ್ತದೆ. ಕೊನೆಯ ನಮೂದನ್ನು ಕಾಯುವುದು ಸಿಂಕ್ರೊನಸ್ ಬರವಣಿಗೆ. ಎರಡೂ ಬೇಕು.

ನಾವು ಮಾಡಬಹುದಾದದ್ದು

1. ಲೆಕ್ಕ ಬರೆಯುವ ಕಂಪ್ಯೂಟರಿಗೆ ಯುಪಿಎಸ್ ಇರಲಿ.
2. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಿಗೆ ಜರ್ನಲ್ ಇಲ್ಲ. ಪ್ರಾಜೆಕ್ಟ್ ಕಾಪಿ ಮಾಡಿದ ಮೇಲೆ ಇಜೆಕ್ಟ್ ಕೊಟ್ಟೇ ತೆಗೆಯಿರಿ.
3. ಕರೆಂಟ್ ಬಂದ ತಕ್ಷಣ ಕೊನೆಯ ಎರಡು ಮೂರು ವೋಚರ್‌ಗಳನ್ನು ರಸೀದಿಯೊಂದಿಗೆ ತಾಳೆ ನೋಡಿ.
4. ದಿನದ ಕೊನೆಗೆ ಬೇರೆ ಡಿಸ್ಕ್‌ನಲ್ಲಿ ಬ್ಯಾಕಪ್ ತೆಗೆಯಿರಿ.