ಕುಳಿತು ನಡೆಸುವ ಹುಲ್ಲು ಕತ್ತರಿಸುವ ಯಂತ್ರ: ಕ್ಷೇಮದ ಕೆಲವು ಪಾಠಗಳು

ಮನೆಯ ಮುಂದಿನ ಹುಲ್ಲುಹಾಸು ಕಣ್ಣಿಗೂ ಮನಸ್ಸಿಗೂ ತಂಪು. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಊರ ಹೊರಗೆ ತೋಟದ ಮನೆ ಉಳ್ಳವರಿದ್ದಾರೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವವರೂ ಇದ್ದಾರೆ. ಅಲ್ಲಿ ಪುಟ್ಟ ಟ್ರ್ಯಾಕ್ಟರಿನಂತೆ ಕುಳಿತು ನಡೆಸುವ ಯಂತ್ರವು ಸಾಮಾನ್ಯ. ಹೊಸ ಯಂತ್ರ ಬಂದ ದಿನ ಮೊಮ್ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಒಂದು ಸುತ್ತು ಹಾಕುವ ಆಸೆ ಯಾವ ಅಜ್ಜನಿಗೂ ಸಹಜವೇ. ಆ ಒಂದು ಸುತ್ತನ್ನು ತಪ್ಪಿಸುವುದೇ ಈ ಲೇಖನದ ಮುಖ್ಯ ಉದ್ದೇಶ.

ಯಂತ್ರದ ಸ್ವರೂಪ

1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ, ಬಟ್ಟೆ ಗಿರಣಿಯಲ್ಲಿ ಉಣ್ಣೆಯ ನವಿರನ್ನು ಕತ್ತರಿಸುವ ಯಂತ್ರವನ್ನು ಕಂಡು, ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದನು. ಅದರಲ್ಲಿದ್ದುದು ಉರುಳುವ ಸುರುಳಿ ಅಲಗು. ಇಂದಿನ ಯಂತ್ರಗಳಲ್ಲಿ ಬಹುಪಾಲಿನವುಗಳ ಅಲಗು ಲೋಹದ ಮುಚ್ಚಳದ ಕೆಳಗೆ ನೆಲಕ್ಕೆ ಸಮಾನಾಂತರವಾಗಿ ಗಿರಕಿ ಹೊಡೆಯುತ್ತದೆ. 53 ಸೆಂಟಿಮೀಟರ್ ಉದ್ದದ ಅಲಗು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್! ಅದಕ್ಕೆ ಸಿಕ್ಕ ಕಲ್ಲು ಗುಂಡಿನಂತೆ ಸಿಡಿಯುತ್ತದೆ; ಸಿಕ್ಕ ಕಾಲಿನ ಗತಿಯನ್ನು ಹೇಳಬೇಕಾಗಿಲ್ಲ.

ಮೊದಲು ನೆಲದ ಪರೀಕ್ಷೆ

ಯಂತ್ರವನ್ನು ಏರುವ ಮುನ್ನ ಹುಲ್ಲುಹಾಸನ್ನು ಕಾಲ್ನಡಿಗೆಯಲ್ಲಿ ಪೂರ್ತಿಯಾಗಿ ಸುತ್ತಿ ಕಲ್ಲು, ತಂತಿ, ಕೊಂಬೆ, ಆಟಿಕೆಗಳನ್ನು ಆರಿಸಿ ತೆಗೆಯಬೇಕು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣದಲ್ಲಿ ಮರಗಳನ್ನು ಉರುಳಿಸಿ ಗಾಜುಗಳನ್ನು ಪುಡಿಮಾಡಿತು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳಲ್ಲಿ ಕೆಸರನ್ನು ತುಂಬಿತು. ಇಂತಹ ವಿಪತ್ತಿನ ನಂತರ ಹುಲ್ಲಿನಲ್ಲಿ ಏನು ಅಡಗಿದೆಯೆಂದು ಹೇಳಲಾಗದು. ಕೈಗವಸು ಧರಿಸಿ, ಬಾಚುಗೋಲಿನಿಂದ ಬಾಚಿಯೇ ಮುಂದುವರಿಯುವುದು ಲೇಸು. ಒದ್ದೆ ಹುಲ್ಲಿನಲ್ಲಿ ಚಕ್ರಗಳು ಜಾರುವುದರಿಂದ ಹುಲ್ಲು ಒಣಗಿರಬೇಕು.

ವಿಶಾಖಪಟ್ಟಣದ ಗುಡ್ಡದ ನೆಲದಲ್ಲಿ ಇಳಿಜಾರು ಹೆಚ್ಚು. ಕುಳಿತು ನಡೆಸುವ ಯಂತ್ರವನ್ನು ಇಳಿಜಾರಿನಲ್ಲಿ ಮೇಲೆ ಕೆಳಗೆ ನೇರವಾಗಿ ನಡೆಸಬೇಕು. ಅಡ್ಡಲಾಗಿ ನಡೆಸಿದರೆ ಮಗುಚುವ ಭಯವುಂಟು. ತಳ್ಳುವ ಯಂತ್ರಕ್ಕೆ ಇದು ವಿರುದ್ಧ: ಅದನ್ನು ಅಡ್ಡಲಾಗಿಯೇ ತಳ್ಳಬೇಕು. ಒಂದು ಮೀಟರಿಗೆ ಸುಮಾರು 27 ಸೆಂಟಿಮೀಟರ್, ಅಂದರೆ 15 ಡಿಗ್ರಿ, ಮೀರಿದ ಇಳಿಜಾರಿಗೆ ಕುಳಿತು ನಡೆಸುವ ಯಂತ್ರವನ್ನು ಒಯ್ಯಲೇಬಾರದು.

ಮಕ್ಕಳ ವಿಷಯ

ಯಂತ್ರ ನಡೆಯುವಾಗ ಮಕ್ಕಳು ಮನೆಯೊಳಗಿರಬೇಕು. ಹಿಮ್ಮುಖವಾಗಿ ಚಲಿಸುವಾಗ ಹಿಂದೆ ಬಂದು ನಿಂತ ಮಗುವು ಚಾಲಕನಿಗೆ ಕಾಣದು. ಎಂಜಿನ್ನಿನ ಸದ್ದಿನಲ್ಲಿ ಅದರ ಕೂಗೂ ಕೇಳದು. ತೊಡೆಯ ಮೇಲಿನ ಮಗು ಜಾರಿದರೆ ಬೀಳುವುದು ಅಲಗಿನ ಬಳಿಗೇ. ಒಮ್ಮೆ ಸವಾರಿಯ ರುಚಿ ಕಂಡ ಮಗು ಮರುದಿನ ತಾನಾಗಿ ಯಂತ್ರದತ್ತ ಓಡಿಬರುತ್ತದೆ. ಹದಿನಾರು ವರ್ಷ ತುಂಬದವರು ಇದನ್ನು ನಡೆಸಬಾರದೆಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ. ಚಾಲಕನು ಎದ್ದೊಡನೆ ಅಲಗನ್ನು ನಿಲ್ಲಿಸುವ ಸ್ವಿಚ್ಚು ಆಸನದ ಕೆಳಗಿರುತ್ತದೆ. ತೊಂದರೆಯೆಂದು ಅದನ್ನು ಕಟ್ಟಿಹಾಕುವುದು ಅವಿವೇಕ.

ದೇಹರಕ್ಷಣೆ ಮತ್ತು ಪ್ರಥಮ ಚಿಕಿತ್ಸೆ

ಗಟ್ಟಿ ಪಾದರಕ್ಷೆ, ಉದ್ದ ಷರಾಯಿ, ಕನ್ನಡಕ, ಕಿವಿಗೆ ರಕ್ಷಣೆ, ಇವು ಅವಶ್ಯ. ವಿಜಯವಾಡದ ಬೇಸಗೆಯ ಸುಡುಬಿಸಿಲಿನಲ್ಲಿಯೂ, ಬೆವರು ಆರದ ವಿಶಾಖಪಟ್ಟಣದ ಸೆಕೆಯಲ್ಲಿಯೂ ನಡುಹಗಲಿನ ಕೆಲಸ ಬೇಡ. ಪೆಟ್ರೋಲನ್ನು ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿಯೇ ತುಂಬಬೇಕು. ಗಾಯವಾದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿದು 108ಕ್ಕೆ ಕರೆಮಾಡಬೇಕು. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ನಡುವೆ ಇಟ್ಟು ಒಯ್ಯಬೇಕು. ಮಂಜುಗಡ್ಡೆ ನೇರವಾಗಿ ಬೆರಳಿಗೆ ತಾಗಬಾರದು. ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಅಂಗಳ ಚಿಕ್ಕದಾದರೆ ಈ ಯಂತ್ರಕ್ಕೆ ಹಣ ಹೂಡುವುದು ವ್ಯರ್ಥ. ಕೈಯಿಂದ ತಳ್ಳುವ ಸುರುಳಿ ಯಂತ್ರವೇ ಸಾಕು. ಇಂಧನದ ಖರ್ಚಿಲ್ಲ, ದೇಹಕ್ಕೆ ವ್ಯಾಯಾಮ. ಯಂತ್ರ ಯಾವುದೇ ಇರಲಿ, ಕೆಲಸ ಮುಗಿದು ಅದು ಕೊಟ್ಟಿಗೆ ಸೇರಿ, ಕೀಲಿ ಕಪಾಟಿನೊಳಗಾದ ಮೇಲೆ, ಅಜ್ಜನೂ ಮೊಮ್ಮಗುವೂ ಆ ಹುಲ್ಲಿನ ಮೇಲೆ ಎಷ್ಟು ಹೊತ್ತಾದರೂ ಆಡಬಹುದು.